ನೀರಿನ ಜಾತಿಯ ಎಣ್ಣೆ

ಅವರ ಅಂಗೈಗಳು ಬೆಳ್ಳಗಿದ್ದವು. ಗಾಡಿ ರಿಪೇರಿ ಮಾಡುವವರ ಕೈ ಅಂದರೆ ಉಗುರಿನ ಸಂದಿಯಲ್ಲಿ ಮಸಿ, ಗೆರೆಗಳಲ್ಲೆಲ್ಲ ಗ್ರೀಸು, ಎಷ್ಟು ತಿಕ್ಕಿದರೂ ಹೋಗದ ಕಪ್ಪು. ಶಹಾಪುರದ ಮಿಸ್ತ್ರಿ ಚಾಚಾನ ಕೈ ಹಾಗಿರಲಿಲ್ಲ. ದಿನಕ್ಕೆ ಹತ್ತಾರು ಸಲ ನೀರಲ್ಲಿ ಅದ್ದಿ, ಬಟ್ಟೆ ಸೋಪಿನಿಂದ ತಿಕ್ಕಿ, ಚರ್ಮ ಒಣಗಿ ಹಳೆಯ ಸುಣ್ಣದ ಗೋಡೆಯ ಹಾಗೆ ಬಿರಿದುಹೋಗಿತ್ತು. ಚಹಾದ ಬಸಿ ಹಿಡಿದರೆ ಆ ಬಿರುಕುಗಳು ಅಂಚಿಗೆ ಉಜ್ಜಿ ಸಣ್ಣ ಸಪ್ಪಳ ಬರುತ್ತಿತ್ತು. ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಕೇಳಿಸುವುದು ಆ ಸಪ್ಪಳ.

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ಊರು ಮುಗಿಯುವ ಕಡೆ, ತಗಡಿನ ಶೆಡ್ಡಿನಲ್ಲಿ ಅವರ ಗ್ಯಾರೇಜು. ಬೋರ್ಡು ಇರಲಿಲ್ಲ. ಬಾಗಿಲಲ್ಲಿ ನೀರಿನ ಬಕೆಟ್ಟು, ಪಕ್ಕದ ಕಲ್ಲಿನ ಮೇಲೆ ಸೋಪಿನ ತುಂಡು. ಮನೆ ಸುರಪುರದಲ್ಲಿತ್ತು, ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದರು. ಊರಿನ ಅರ್ಧ ಗಾಡಿಗಳನ್ನು ರಿಪೇರಿ ಮಾಡಿದ ಮನುಷ್ಯನ ಹತ್ತಿರ ಸ್ವಂತದ್ದೊಂದು ಸೈಕಲ್ಲೂ ಇರಲಿಲ್ಲ. ಯಾರಾದರೂ ಅವಸರ ಮಾಡಿದರೆ, "ಜಲ್ದಿ ಇದ್ದವ್ರು ಬಸ್ಸಿಗೆ ಹೋಗ್ರಿ. ನಾ ದಿನಾ ಅದರಾಗ ಹೋಗ್ತೀನಿ, ಚೊಲೋ ಅದ" ಎನ್ನುತ್ತಿದ್ದರು. ಮಾತು ಕಡಿಮೆ, ಆಡಿದರೆ ಒರಟು. ಮಧ್ಯಾಹ್ನ ಒಂದರ ಹೊತ್ತಿಗೆ, ಎಂಥ ಕೆಲಸವಿದ್ದರೂ ಬಿಟ್ಟು, ಖಾಲಿ ಡ್ರಮ್ಮಿನ ಮೇಲೆ ಕೂತು ಸುಮ್ಮನೆ ರಸ್ತೆ ನೋಡುತ್ತಿದ್ದರು. ಅರ್ಧ ತಾಸು ಅವರನ್ನು ಯಾರೂ ಮಾತನಾಡಿಸುವಂತಿಲ್ಲ. "ದಣದ ಕೈ ನಟ್ಟು ಮುರೀತದ" ಎಂಬುದು ಅವರ ಮಾತು.

ನಾವು ಅವರ ಹತ್ತಿರ ಹೋಗುವಂತಾದದ್ದು ನನ್ನ ಯಜಮಾನರ ಹುಚ್ಚಿನಿಂದ. ಅವರು ಮದುವೆಗಳ ಫೋಟೋ ತೆಗೆಯುವವರು. ಶಹಾಪುರದಲ್ಲಿ ಸ್ಟುಡಿಯೋ ಇದ್ದಾಗ, ಹೈದರಾಬಾದಿನಲ್ಲಿ ಯಾರೋ ಮಾರಲು ಇಟ್ಟಿದ್ದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ತಂದುಬಿಟ್ಟರು. ಜಪಾನಿನದು, ಕೆಂಪು ಬಣ್ಣ, ಎರಡೇ ಸೀಟು. ಬಟ್ಟೆಯ ಹೊದಿಕೆ ಹಿಂದಕ್ಕೆ ಮಡಚಿದರೆ ಪೂರ್ತಿ ತೆರೆದ ಗಾಡಿ. ಹಿಂದಿನ ಡಿಕ್ಕಿಯ ಮೇಲೆ ಗಾದಿ ಹಾಕಿ ಮದುಮಕ್ಕಳನ್ನು ಕೂರಿಸಿದರೆ ಮೆರವಣಿಗೆಗೆ ಶೋಭೆ ಎಂದು ಅವರ ಲೆಕ್ಕಾಚಾರ. ಅದು ಸುಳ್ಳಾಗಲಿಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆಯ ಮದುವೆಗಳಿಗೆ ಆ ಗಾಡಿ ಬೇಕಾಯಿತು. ಜನ ಅದನ್ನು ಕೆಂಪು ಕಪ್ಪೆ ಎಂದು ಕರೆದರು.

ಆದರೆ ಓಡಲೆಂದು ಹುಟ್ಟಿದ ಗಾಡಿಯನ್ನು ನಾವು ನಡೆಸುತ್ತಿದ್ದದ್ದು ಹೆಣ್ಣುಮಕ್ಕಳು ಕಳಶ ಹಿಡಿದು ನಡೆಯುವ ವೇಗದಲ್ಲಿ. ಕ್ಲಚ್ ಅರ್ಧ ಒತ್ತಿ, ಅರ್ಧ ಬಿಟ್ಟು, ಒಂದು ಮೊಳ ಮುಂದೆ, ಮತ್ತೆ ನಿಲ್ಲು. ಹೀಗೆ ಮೂರು ತಾಸು. ಆ ಗಾಡಿಯ ಕ್ಲಚ್ಚಿಗೆ ತಂತಿ ಇಲ್ಲ. ಪೆಡಲ್ ಒತ್ತಿದರೆ ಕೊಳವೆಯಲ್ಲಿರುವ ಎಣ್ಣೆ ಆ ಒತ್ತನ್ನು ಗೇರುಪೆಟ್ಟಿಗೆಯ ತನಕ ಒಯ್ಯಬೇಕು. ಎರಡು ಸೀಸನ್ ಆಗುವಷ್ಟರಲ್ಲಿ ಎಣ್ಣೆ ಕಪ್ಪಾಗಿ, ಪೆಡಲ್ ಮೆತ್ತಗಾಗಿ, ಗೇರು ಬೀಳುವುದೇ ಕಷ್ಟವಾಗುತ್ತಿತ್ತು. ಆಗ ಚಾಚಾನ ಹತ್ತಿರ ಹೋಗಿ ಎಣ್ಣೆ ಬದಲಿಸಿಕೊಂಡು ಬರಬೇಕು. ಬೇರೆ ಯಾರೂ ಆ ಗಾಡಿಯನ್ನು ಮುಟ್ಟುತ್ತಿರಲಿಲ್ಲ.

ಮುಂದೆ ನಾವು ಯಾದಗಿರಿಗೆ ಬಂದೆವು. ನನಗೆ ಸ್ಟೇಷನ್ನಿನ ಆಚೆ ಒಂದು ಖಾಸಗಿ ದವಾಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಯಜಮಾನರಿಗೆ ಸಕ್ಕರೆ ಕಾಯಿಲೆ. ಎಡಗಾಲಿನ ಬೆರಳಿಗಾದ ಗಾಯ ಮಾಯದೆ ಮೇಲಕ್ಕೇರಿ, ಕೊನೆಗೆ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಕ್ಲಚ್ ಒತ್ತುವುದು ಎಡಗಾಲಿನಿಂದ. ಆರು ತಿಂಗಳು ಗಾಡಿ ತಾಡಪಾಲಿನ ಕೆಳಗೆ ಇತ್ತು. ಬರುವ ಮೆರವಣಿಗೆಗಳನ್ನು ಬೇಡವೆನ್ನುತ್ತ ಯಜಮಾನರ ಮುಖ ಸಣ್ಣದಾಗುತ್ತ ಹೋಯಿತು. ಕೊನೆಗೆ ಒಬ್ಬ ಡ್ರೈವರನನ್ನು ಹಿಡಿದು ಗಾಡಿಯನ್ನು ಶಹಾಪುರಕ್ಕೆ ಒಯ್ದು, ಮಾರಿಕೊಡಿ ಎಂದು ಚಾಚಾಗೆ ಹೇಳಿದೆ.

"ಇದನ್ನ ತಗೊಳ್ಳಾಂವ ಈ ಸೀಮ್ಯಾಗ ಇಲ್ರಿ," ಎಂದರು ಚಾಚಾ. "ನೀವ ನಡಸ್ರಿ."

"ನನಗೆಲ್ಲಿ ಬರ್ತದ ಚಾಚಾ?"

"ಯಾಕ, ಕಾಲಿಲ್ಲೇನು?"

ಅಂದ ಮೇಲೆ ಆ ಮಾತು ಎಲ್ಲಿ ತಾಗಿತೆಂದು ಅವರಿಗೆ ತಿಳಿಯಿತು. ತಪ್ಪಾಯಿತು ಎನ್ನಲಿಲ್ಲ. ಬಾಗಿಲು ತೆಗೆದು ಡ್ರೈವರ್ ಸೀಟು ತೋರಿಸಿದರು. "ಕೂಡ್ರಿ ಬಾಯಿ. ಎಣ್ಣಿ ಬದಲು ಮಾಡೂದದ. ಒಬ್ರು ಮ್ಯಾಲ ಕುಂತು ಪೆಡಲ್ ಒತ್ತಬೇಕು." ಹೆಣ್ಣುಮಕ್ಕಳನ್ನು ಅವರು ಗೌರವದಿಂದ ಬಾಯಿ ಎಂದೇ ಕರೆಯುತ್ತಿದ್ದರು.

ಹೀಗೆ ನಾನು ಗಾಡಿ ಕಲಿತದ್ದು, ಗಾಡಿ ನಿಂತಿರುವಾಗ. ಚಾಚಾ ಗೋಣಿಚೀಲ ಹಾಸಿ ಕೆಳಗೆ ಮಲಗಿದರು. ಗೇರುಪೆಟ್ಟಿಗೆಯ ಹತ್ತಿರ ಒಂದು ಸಣ್ಣ ತಿರುಪು. ಅದಕ್ಕೆ ಸಲೈನ್ ಪೈಪಿನ ತುಂಡು ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಟಲಿಯೊಳಗೆ ಬಿಟ್ಟರು. ಆ ಪೈಪು ಮುಂದೆ ನಾನೇ ದವಾಖಾನೆಯಿಂದ ತಂದುಕೊಡುತ್ತಿದ್ದೆ.

"ಒತ್ರಿ," ಎಂದು ಕೆಳಗಿನಿಂದ ದನಿ ಬಂತು. ಒತ್ತಿದೆ. "ಹಿಡೀರಿ. ನಾ ಅನ್ನೂತನಕ ಬಿಡಬ್ಯಾಡ್ರಿ." ಅವರು ತಿರುಪು ಸಡಿಲಿಸಿದಾಗ ನನ್ನ ಕಾಲಿನ ಕೆಳಗೆ ಪೆಡಲ್ ತಾನೇ ನೆಲಕ್ಕೆ ಇಳಿದುಹೋಯಿತು. ತಿರುಪು ಬಿಗಿ ಮಾಡಿ, "ಈಗ ಬಿಡ್ರಿ" ಎಂದರು. ಮತ್ತೆ ಒತ್ತು, ಮತ್ತೆ ಹಿಡಿ. ಬಾಟಲಿಗೆ ಮೊದಲು ಸುಟ್ಟ ಬೆಲ್ಲದ ಪಾಕದಂಥದ್ದು ಬಂತು, ಆಮೇಲೆ ಗುಳ್ಳೆಗಳು, ಕೊನೆಗೆ ತಿಳಿಯಾದ ಹಳದಿ. ಲ್ಯಾಬಿನಲ್ಲಿ ದಿನವೂ ಮೂತ್ರ ನೋಡುವ ನನಗೆ, ಆರೋಗ್ಯವಂತರದ್ದು ಇದೇ ಬಣ್ಣ ಎಂದು ನಗು ಬಂತು.

"ಹವಾ ಪೂರಾ ಹೋತೇನು ಅಂತ ನಿಮ್ಮ ಕಾಲು ಹೇಳಬೇಕು," ಎಂದರು. "ಹವಾ ಇದ್ರ ಹತ್ತಿ ಮೂಟಿ ತುಳದಂಗ ಆಗ್ತದ. ಇಲ್ಲಂದ್ರ ಗಟ್ಟಿ ನೆಲ."

ಅವತ್ತು ಇನ್ನೊಂದು ಮಾತು ಹೇಳಿದ್ದರು. ಕ್ಲಚ್ಚಿಗೆ ಹಾಕುವುದು ಬ್ರೇಕ್ ಆಯಿಲ್ಲನ್ನೇ. "ಹೆಸರಿಗಷ್ಟ ಎಣ್ಣಿ ಅದು. ಜಾತಿ ನೀರಿಂದು. ನೀರಿನ ಸಂಗ ಬೆರೀತದ, ನೀರಿಲೇನ ತೊಳದು ಹೋಗ್ತದ. ಬ್ಯಾರೆ ಎಣ್ಣಿ ಒಂದು ಚಮಚಾ ಕೂಡಿದ್ರ ಒಳಗಿನ ರಬ್ಬರ್ ಎಲ್ಲಾ ಹಾಳು." ಅದಕ್ಕೇ ಆ ಕೈತೊಳೆಯುವ ರೂಢಿ: ಒಂದು ಕೆಲಸದ ಎಣ್ಣೆ ಇನ್ನೊಂದು ಕೆಲಸಕ್ಕೆ ತಾಗಬಾರದು.

ಆಮೇಲೆ ಆ ಡ್ರೈವರನ ಹತ್ತಿರ ಓಡಿಸುವುದನ್ನೂ ಕಲಿತು, ನಾನು ಮೆರವಣಿಗೆಯ ಡ್ರೈವರಾದೆ. ಬೆಳಿಗ್ಗೆಯಿಂದ ಲ್ಯಾಬಿನಲ್ಲಿ ನಿಂತು, ಸಂಜೆ ರೇಷ್ಮೆ ಸೀರೆ ಉಟ್ಟು, ಕ್ಲಚ್ಚಿನ ಮೇಲೆ ಮೂರು ತಾಸು. ಮುಂದೆ ಬ್ಯಾಂಡು, ಹಿಂದೆ ಹೂವಿನ ಮಾಲೆಗಳಲ್ಲಿ ಬೆವರುವ ಮದುಮಕ್ಕಳು. ಗಂಡುಮಗನ ಸೋದರಮಾವಂದಿರು ಬಾನೆಟ್ಟಿನ ಮುಂದೆ ಕುಣಿಯುತ್ತ, "ಅಕ್ಕಾ, ಇನ್ನೊಂದೀಟು ನಿಂದರಸ್ರಿ" ಎನ್ನುವರು. ಮನೆಗೆ ಬಂದು ಎಡಗಾಲನ್ನು ಬಿಸಿನೀರಲ್ಲಿ ಇಟ್ಟು ಕೂತರೆ, ಯಜಮಾನರು ಆ ಕಾಲನ್ನೇ ನೋಡುತ್ತ ಕೂಡುತ್ತಿದ್ದರು. ಇಬ್ಬರಲ್ಲಿ ಯಾರು ಹೆಚ್ಚು ದಣಿದಿದ್ದೇವೆಂದು ನಾವು ಎಂದೂ ಮಾತಾಡಿಕೊಳ್ಳಲಿಲ್ಲ.

ಕೆಲವು ವರ್ಷ ಹೀಗೆ ಕಳೆದ ಮೇಲೆ, ಒಂದು ಬೇಸಿಗೆಯಲ್ಲಿ ಸುರಪುರದ ಮದುವೆಯೊಂದು ಬಂತು. ಹಿಂದಿನ ದಿನ ಪೆಡಲ್ ಮೆತ್ತಗಾಗಿರುವುದು ಗೊತ್ತಾಯಿತು. ಅರ್ಧ ದಿನ ರಜೆ ಹಾಕಿ ಶಹಾಪುರಕ್ಕೆ ಓಡಿದೆ. ಚಾಚಾ ಬೆಳಗಿನಿಂದ ಒಂದು ಟೆಂಪೋದ ಗೇರುಪೆಟ್ಟಿಗೆ ಇಳಿಸಿ ಏರಿಸಿ ಮಾಡಿ, ಆಗಷ್ಟೇ ಡ್ರಮ್ಮಿನ ಮೇಲೆ ಕೂಡಲು ಹೊರಟಿದ್ದರು.

"ಇವತ್ತ ಬ್ಯಾಡ್ರಿ ಬಾಯಿ," ಎಂದರು. "ದಣದೀನಿ. ನಾಳಿ ಮುಂಜಾನೆ ಮಾಡೋಣು."

"ನಾಳಿ ಸುರಪುರದಾಗ ಮೆರವಣಿಗಿ ಅದ ಚಾಚಾ. ಮಾತು ಕೊಟ್ಟೀವಿ. ಇವತ್ತೇ ಆಗಬೇಕು."

ನನ್ನ ಮುಖವನ್ನೊಮ್ಮೆ ನೋಡಿದರು. ಬಸ್ಸಿಗೆ ಹೋಗ್ರಿ ಎನ್ನುತ್ತಾರೆಂದು ನಾನು ಕಾದೆ. ಅನ್ನಲಿಲ್ಲ. ಗೋಣಿಚೀಲ ಎಳೆದುಕೊಂಡು ಕೆಳಗೆ ಮಲಗಿದರು.

ಅವತ್ತು ಹವಾ ಸುಲಭಕ್ಕೆ ಹೋಗಲಿಲ್ಲ. ಒತ್ತಿ ಒತ್ತಿ ನನ್ನ ಕಾಲು ಸೋತಿತು. ಕೆಳಗಿನಿಂದ ಅವರ ಉಸಿರು ಕೇಳುತ್ತಿತ್ತು. ತಂದಿದ್ದ ಬಾಟಲಿಯ ಎಣ್ಣೆ ಮುಗಿಯಿತು. ಚಾಚಾ ಎದ್ದು ಹೋಗಿ ಕಪಾಟಿನಿಂದ ಒಂದು ಹಳೆಯ ಡಬ್ಬಿ ತಂದು, ಬಾನೆಟ್ಟಿನ ಕೆಳಗಿನ ಎಣ್ಣೆಯ ಡಬ್ಬಿಗೆ ಕೊರತೆ ತುಂಬಿದರು. ಯಾವಾಗಲೂ ಡಬ್ಬಿ ತೆಗೆದ ಕೂಡಲೇ ಒಂದು ಹನಿ ಬೆರಳಿಗೆ ಹಚ್ಚಿ ಮೂಸಿ ನೋಡುವವರು ಅವತ್ತು ನೋಡಲಿಲ್ಲ. ನಾನಾಗ ಅದನ್ನು ಗಮನಿಸಲೂ ಇಲ್ಲ. ಪೆಡಲ್ ಗಟ್ಟಿಯಾಯಿತು. ನಾಲ್ಕೂವರೆಗೆ ಶಹಾಪುರ ಬಿಟ್ಟೆ. ದೋರನಹಳ್ಳಿ ದಾಟಿ, ಭೀಮಾ ಸೇತುವೆ ದಾಟಿ, ಮನೆಯ ಮುಂದೆ ಗಾಡಿ ನಿಲ್ಲಿಸಿ, ಮುಖವನ್ನೂ ತೊಳೆಯದೆ ಅಡ್ಡಾದೆ. ಫೋನು ಚೀಲದಲ್ಲೇ ಉಳಿಯಿತು.

ದೀಪ ಹಚ್ಚುವ ಹೊತ್ತಿಗೆ ಬಾಗಿಲು ಬಡಿದ ಸದ್ದು. ತೆಗೆದರೆ ಚಾಚಾ. ಚೌಕಟ್ಟಿಗೆ ಕೈ ಊರಿ ನಿಂತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ನಮ್ಮ ಮನೆಗೆ ಅವರು ಎಂದೂ ಬಂದವರಲ್ಲ; ಸ್ಟೇಷನ್ನಿನ ಹತ್ತಿರ ಇಳಿದು, ಕೆಂಪು ಕಪ್ಪೆ ಎಲ್ಲಿ ನಿಲ್ಲುತ್ತದೆ ಎಂದು ಕೇಳಿಕೊಂಡು ಬಂದಿದ್ದರು.

"ಚಾವಿ ಕೊಡ್ರಿ," ಎಂದರು.

"ಏನಾತು ಚಾಚಾ? ಒಳಗ ಬರ್ರಿ, ಕೂಡ್ರಿ."

"ಮೊದ್ಲ ಚಾವಿ."

ಕೊಟ್ಟೆ. ಅಂಗಿಯ ಜೇಬಿಗೆ ಹಾಕಿಕೊಂಡು, ಜೇಬಿನ ಮೇಲೆ ಕೈ ಇಟ್ಟುಕೊಂಡು ಹೊಸ್ತಿಲ ಮುಂದಿನ ಮೆಟ್ಟಿಲ ಮೇಲೆ ಕೂತರು. ನೀರು ಕುಡಿದ ಮೇಲೆ ಹೇಳಿದರು. ನಾನು ಹೋದ ಮೇಲೆ ಕೈ ತೊಳೆಯಲು ಬಕೆಟ್ಟಿನ ಹತ್ತಿರ ಹೋಗಿದ್ದಾರೆ. ನೀರು ಹಾಕಿದರೆ ಕೈ ತೊಳೆಯಲಿಲ್ಲ. ನೀರು ಹನಿಹನಿಯಾಗಿ ಜಾರಿತು, ಚರ್ಮದ ಮೇಲೆ ಜಿಡ್ಡು ಹಾಗೇ ನಿಂತಿತು. ಆಗ ಡಬ್ಬಿ ಮೂಸಿದ್ದಾರೆ. ಬ್ರೇಕ್ ಆಯಿಲ್ಲಿನ ಡಬ್ಬಿಯಲ್ಲಿ ಅವರೇ ಯಾವಾಗಲೋ ಸ್ಟೇರಿಂಗಿನ ಎಣ್ಣೆ ತುಂಬಿ ಇಟ್ಟಿದ್ದರು. ಮುಚ್ಚಳದ ಮೇಲೆ ಉರ್ದುವಿನಲ್ಲಿ ಬರೆದೂ ಇದ್ದರು. ಮುಚ್ಚಳ ಅದಲುಬದಲಾಗಿತ್ತು. ನನಗೆ ಫೋನು ಮಾಡಿದ್ದಾರೆ, ಏಳು ಸಲ. ಆಮೇಲೆ ಶೆಡ್ಡಿಗೆ ಬೀಗವನ್ನೂ ಹಾಕದೆ ಯಾದಗಿರಿ ಬಸ್ಸು ಹತ್ತಿದ್ದಾರೆ.

"ನಿಮ್ಮ ಗಾಡ್ಯಾಗ ಕ್ಲಚ್ಚಿಗೂ ಬ್ರೇಕಿಗೂ ಎಣ್ಣಿ ಒಂದ ಡಬ್ಬಿಲೆ ಹೋಗ್ತದ," ಎಂದರು. "ಕ್ಲಚ್ ಅಷ್ಟ ಆಗಿದ್ರ ಗಾಡಿ ನಿಲ್ತಿತ್ತು, ಬಿಡ್ರಿ. ಬ್ರೇಕ್ ಹೋಗ್ತದ. ತಪ್ಪು ನಂದದ. ಚಾಲೂ ಮಾಡಬ್ಯಾಡ್ರಿ."

ಯಜಮಾನರು ಕೋಲೂರಿಕೊಂಡು ಬಾಗಿಲಿಗೆ ಬಂದಿದ್ದರು. ಮದುವೆಯ ಮನೆಗೆ ಕೊಟ್ಟ ಮಾತು ಅವರದು. "ಒಂದ ದಿನಕ್ಕ ಏನೂ ಆಗಂಗಿಲ್ಲೇನೋ ಚಾಚಾ," ಎಂದರು ಮೆಲ್ಲಗೆ. "ಮೆರವಣಿಗಿ ಒಂದು ಮುಗಿಸಿ..."

"ಆಗಂಗಿಲ್ಲೇನೋ. ಆದ್ರ?" ಚಾಚಾ ಅವರ ಕಡೆ ತಿರುಗಿದರು. "ಸುರಪುರದ ಇಳಿಜಾರು ನೀವು ನೋಡೀರಿ, ಫೋಟೋ ಸಾಬ್. ಮ್ಯಾಲ ಮದುಮಕ್ಕಳು. ಮುಂದ ಕುಣಿಯೋರು, ಕೂಸು ಎತ್ಗೊಂಡ ಹೆಣ್ಣಮಕ್ಕಳು. ಬಾಯಿಯವ್ರು ಬ್ರೇಕ್ ಒತ್ತತಾರ, ಅದು ಹಿಡಿಯಂಗಿಲ್ಲ. ಆಮ್ಯಾಲ?"

ಆಗ ನನ್ನ ಬಾಯಿಂದ ಬಂದ ಮಾತಿಗೆ ಇವತ್ತಿಗೂ ನಾಚಿಕೆಯಿದೆ. "ನೀವು ಹೇಳದಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ ಚಾಚಾ. ಹಳೇ ಗಾಡಿ, ಕೆಟ್ಟಿತು ಅಂತಿದ್ರು ಮಂದಿ," ಎಂದೆ. ಹೊಗಳಿಕೆ ಎಂದುಕೊಂಡೇ ಆಡಿದ ಮಾತು.

"ಮಂದಿದು ಬಿಡ್ರಿ," ಎಂದರು ಚಾಚಾ. "ರಬ್ಬರಿಗೆ ಗೊತ್ತಾಗ್ತಿತ್ತಲ್ರೀ."

ಅವಸರ ಮಾಡಿದವಳು ನಾನು. ದಣಿದಿದ್ದೇನೆ ಎಂದು ಅವರು ಬಾಯಿಬಿಟ್ಟು ಹೇಳಿದ್ದರು. ಅವತ್ತು ಆ ಮೆಟ್ಟಿಲ ಮೇಲೆ ಕೂತು ಅದನ್ನು ಅವರು ಒಂದು ಸಲವೂ ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ. ಎರಡು ರೊಟ್ಟಿ, ಪುಂಡಿಪಲ್ಯ ಉಂಡು ಎಂಟರ ಬಸ್ಸಿಗೆ ಹೋದರು. ಚಾವಿ ಅವರ ಜೇಬಿನಲ್ಲೇ ಇತ್ತು.

ಅವರು ಹೋದ ಮೇಲೆ ನಾನು ಪಾತ್ರೆ ತಿಕ್ಕುತ್ತ ನಿಂತೆ. ನನಗೆ ಶಹಾಪುರದ ಒಂದು ಸಣ್ಣ ಲ್ಯಾಬಿನ ದಿನಗಳು ನೆನಪಾದವು. ಕೆಲಸ ಕಲಿಯುವ ಕಾಲ. ಒಂದು ಸಂಜೆ ಇಬ್ಬರು ಹೆಣ್ಣುಮಕ್ಕಳ ರಕ್ತದ ಚೀಟಿ ಅದಲುಬದಲಾದದ್ದು ನನಗೆ ತಿಳಿಯಿತು. ಅಷ್ಟರಲ್ಲಿ ಇಬ್ಬರೂ ವರದಿ ತೆಗೆದುಕೊಂಡು ಹೋಗಿಯಾಗಿತ್ತು. ಒಬ್ಬಳು ಬಸುರಿ, ಮೈಯಲ್ಲಿ ರಕ್ತವೇ ಇಲ್ಲದವಳು. ಎಲ್ಲ ಸರಿಯಿದೆ ಎಂಬ ವರದಿ ಹಿಡಿದುಕೊಂಡು ಹೋಗಿದ್ದಳು. ರಿಜಿಸ್ಟರಿನಲ್ಲಿ ಹೆಸರಿತ್ತು, ಊರಿತ್ತು. ನಾನು ಹೋಗಲಿಲ್ಲ. ಬೇರೆ ಡಾಕ್ಟರಿಗೆ ತೋರಿಸಿರುತ್ತಾಳೆ, ಅವರು ನೋಡಿಯೇ ನೋಡಿರುತ್ತಾರೆ ಎಂದುಕೊಂಡೆ. ಯಾರಿಗೂ ಗೊತ್ತಾಗಲಿಲ್ಲ. ಆಕೆಗೆ ಏನಾಯಿತೋ ನನಗೂ ಗೊತ್ತಿಲ್ಲ. ಅವಳ ಊರೇ ಈಗ ನೆನಪಿಲ್ಲ. ಇದನ್ನು ನಾನು ಯಜಮಾನರಿಗೂ ಹೇಳಿರಲಿಲ್ಲ. ಚಾಚಾಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡು, ಹೇಳದೇ ಉಳಿದೆ.

ಮರುದಿನ ಬೆಳಿಗ್ಗೆ ಚಾಚಾ ಮದುವೆಯ ಮನೆಗೆ ತಾವೇ ಹೋಗಿದ್ದರು. ಗಂಡುಮಗನ ಚಿಕ್ಕಪ್ಪನಿಂದ ನಮಗೆ ಆಮೇಲೆ ತಿಳಿಯಿತು. ಹಂದರದ ಕೆಳಗೆ ನಿಂತು, "ಗಾಡಿ ಬರಂಗಿಲ್ರಿ. ಫೋಟೋದವ್ರದ್ದೇನೂ ತಪ್ಪಿಲ್ಲ. ನಾ ಎಣ್ಣಿ ತಪ್ಪು ಹಾಕೀನಿ" ಎಂದರಂತೆ. ಬೀಗರ ಮುಂದೆ ಮಾನ ಹೋಯಿತೆಂದು ಹುಡುಗನ ತಂದೆ ಬಾಯಿಗೆ ಬಂದಂತೆ ಬೈದ. ಬೈದು ಮುಗಿಯುವ ತನಕ ನಿಂತು, ಸಲಾಂ ಮಾಡಿ ಬಂದರಂತೆ. ಗಂಡುಮಗ ಹೂ ಕಟ್ಟಿದ ಟ್ರ್ಯಾಕ್ಟರಿನಲ್ಲಿ ಮೆರೆದ.

ಹೊಸ ರಬ್ಬರುಗಳು ಹೈದರಾಬಾದಿನಿಂದ ಬರಲು ವಾರ ಹಿಡಿಯಿತು. ನಮ್ಮ ಮನೆಯ ಮುಂದೆಯೇ ಗೋಣಿಚೀಲ ಹಾಸಿ ಚಾಚಾ ಎಲ್ಲ ಬಿಚ್ಚಿದರು. ಚಕ್ರದ ಹತ್ತಿರದ ಸಣ್ಣ ರಬ್ಬರುಗಳು, ಕ್ಲಚ್ಚಿನವು, ನೆನೆಸಿದ ಕಡಲೆಯ ಹಾಗೆ ಉಬ್ಬಿದ್ದವು. ಒಂದನ್ನು ತೆಗೆದು ಯಜಮಾನರ ಅಂಗೈಯಲ್ಲಿ ಇಟ್ಟರು. "ನೋಡ್ರಿ" ಎಂದರು, ಅಷ್ಟೇ. ಯಜಮಾನರು ಅದನ್ನು ಬಹಳ ಹೊತ್ತು ಬೆರಳುಗಳ ನಡುವೆ ಹಿಚುಕುತ್ತ ಕೂತಿದ್ದರು. ಕೊಳವೆಗಳನ್ನೆಲ್ಲ ತೊಳೆದು, ಹೊಸ ಎಣ್ಣೆ ಹಾಕಿ, ನಾಲ್ಕೂ ಚಕ್ರದ, ಆಮೇಲೆ ಕ್ಲಚ್ಚಿನ ಹವಾ ತೆಗೆಯಲು ಎರಡು ದಿನ ಬೇಕಾಯಿತು. ನಾನು ಒತ್ತಿದೆ, ಹಿಡಿದೆ, ಬಿಟ್ಟೆ. ಈ ಸಲ ಮಧ್ಯಾಹ್ನ ಅವರಿಗೆ ನಾನೇ ಕುರ್ಚಿ ಹಾಕಿದೆ.

ಈ ಸುದ್ದಿ ಮದುವೆಮನೆಯಿಂದ ಊರಿಗೆ ಹರಡಿತು. ಮುದುಕನಿಗೆ ಕಣ್ಣು ಕಾಣುವುದಿಲ್ಲ, ಎಣ್ಣೆ ಯಾವುದು ಎಂದು ತಿಳಿಯುವುದಿಲ್ಲ ಎಂದು ಕೆಲವರು ಬೇರೆ ಗ್ಯಾರೇಜಿಗೆ ಹೋದರು. ನನಗೆ ಸಿಟ್ಟು ಬಂದು ಚಾಚಾನ ಮುಂದೆ ಹೇಳಿದೆ. "ಖರೇನ ಅದಲ್ರೀ," ಎಂದರು. "ಕಣ್ಣು ಮೊದ್ಲಿನಂಗಿಲ್ಲ." ಕಪಾಟಿನ ಹಳೆಯ ಡಬ್ಬಿಗಳನ್ನೆಲ್ಲ ಹೊರಗೆ ಹಾಕಿದರು. ಆಮೇಲಿಂದ ಬ್ರೇಕಿನ ಕೆಲಸ ಬಂದರೆ, ಎದುರಿನ ಚಹಾದಂಗಡಿಯವನನ್ನು ಕರೆದು ಬಾಟಲಿಯ ಮೇಲಿನದನ್ನು ಓದಿಸದೆ ಮುಚ್ಚಳ ತೆಗೆಯುತ್ತಿರಲಿಲ್ಲ.

ಕಳೆದ ಮಳೆಗಾಲದ ನಂತರ ಅವರಿಗೆ ಉಸಿರಿನ ತೊಂದರೆ ಹೆಚ್ಚಾಯಿತು. ಎರಡು ಸಲ ಕಲಬುರಗಿಗೆ ಒಯ್ದು ತಂದರು. ಎರಡನೆಯ ಸಲ ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು. ಒಂದು ದಿನ ಅವರ ಹೆಂಡತಿ ಫೋನು ಮಾಡಿದರು. "ಬಾಯಿ, ಚಾಚಾ ಕರ್ಯಾಕತ್ತಾರ. ಬರೂಮುಂದ ಪೆನ್ನು, ಹಾಳಿ ತರ್ಬೇಕಂತ."

ಸುರಪುರದ ಆ ಮನೆಗೆ ಹೋದೆ. ಸಣ್ಣ ಪಡಸಾಲೆ, ಗೋಡೆಗೆ ತಾಗಿಸಿ ಹಾಕಿದ ಹೊರಸು, ಮೂರು ದಿಂಬಿನ ಮೇಲೆ ಚಾಚಾ. ಮಲಗಿದರೆ ಉಸಿರು ಸಿಗುವುದಿಲ್ಲ. ಆಸ್ತಿಯ ಮಾತೇನೋ ಎಂದು ನಾನು ಹಿಂಜರಿಯುತ್ತ ಕೂತರೆ, "ಬರ್ಕೋರಿ" ಎಂದರು.

ತಾವು ಅರೆಬರೆ ಮಾಡಿದ ಕೆಲಸಗಳನ್ನು ಹೇಳತೊಡಗಿದರು. ಹೊಸ ಸಾಮಾನು ಸಿಗದೆ ಹಳೆಯದನ್ನೇ ತೊಳೆದು ಹಾಕಿದ್ದು. ಸದ್ಯಕ್ಕೆ ನಡೆಯಲಿ ಎಂದು ಬೆಸುಗೆ ಹಾಕಿದ್ದು. ಮತ್ತೆ ಬನ್ನಿ, ಬದಲಿಸುತ್ತೇನೆ ಎಂದು ಹೇಳಿ, ಅವರು ಬಾರದೇ ಉಳಿದದ್ದು. ರಂಗಂಪೇಟೆಯ ಒಬ್ಬ ಮಾಸ್ತರರ ಜೀಪಿನ ಸ್ಟೇರಿಂಗು, ಹತ್ತಿ ವ್ಯಾಪಾರಿಯ ವ್ಯಾನಿನ ಬಾಗಿಲು, ಒಂದು ಟ್ರ್ಯಾಕ್ಟರಿನ ಟ್ರಾಲಿಯ ಪಿನ್ನು. ಒಂದೊಂದಕ್ಕೂ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಒಟ್ಟು ಒಂಬತ್ತು.

"ಈಗ ಫೋನ್ ಹಚ್ರಿ," ಎಂದರು.

ಎರಡು ರವಿವಾರ ಆ ಕೆಲಸವೇ. ನಾನು ನಂಬರು ಒತ್ತಿ ಫೋನನ್ನು ಅವರ ಬಾಯಿಯ ಹತ್ತಿರ ಹಿಡಿಯುವುದು, ಅವರು ಹೇಳುವುದು. ಮಾಸ್ತರರು ನಕ್ಕರು: "ಅರಾಮ ಆಗ್ರಿ ಚಾಚಾ, ನೀವೇ ಬಂದು ಮಾಡ್ರಿ." ಟ್ರ್ಯಾಕ್ಟರಿನವನು ಅಳತೊಡಗಿದ. ವ್ಯಾನಿನ ವ್ಯಾಪಾರಿಗೆ ಸಿಟ್ಟು ಬಂತು. "ಇಷ್ಟ ದಿನ ಯಾಕ ಹೇಳಲಿಲ್ಲ? ಮಕ್ಕಳು ಓಡ್ಯಾಡ್ತಾರ ಅದರಾಗ!"

"ಹೌದ್ರಿ. ಹೇಳಬೇಕಾಗಿತ್ತು," ಎಂದರು ಚಾಚಾ. ಫೋನು ಇಟ್ಟ ಮೇಲೆ ಕಣ್ಣು ಮುಚ್ಚಿಕೊಂಡರು. ಸಾಕು ಮಾಡೋಣ ಎಂದೆ. ತಲೆ ಅಲ್ಲಾಡಿಸಿದರು. "ಮುಂದಿಂದು ಹಚ್ರಿ."

ಎಂಟು ಮಂದಿ ಸಿಕ್ಕರು. ಒಂಬತ್ತನೆಯವನು ಕೊಂಕಲ್ಲಿನ ಒಬ್ಬ ಆಟೋದವನು. ಹಿಂದಿನ ಚಕ್ರದ ಬ್ರೇಕಿನ ಸಿಲಿಂಡರು ಹಳೆಯದನ್ನೇ ತೊಳೆದು ಹಾಕಿದ್ದರು, ಆರು ತಿಂಗಳೊಳಗೆ ಬದಲಿಸಬೇಕಿತ್ತು. ಅವನ ನಂಬರು ಹತ್ತಲಿಲ್ಲ. ಮತ್ತೆ ಹಚ್ಚಿದೆ, ಮರುದಿನ ಲ್ಯಾಬಿನಿಂದಲೂ ಹಚ್ಚಿದೆ. ಗುರುವಾರ ಚಾಚಾ ಫೋನು ಮಾಡಿಸಿ ಕೇಳಿದರು, "ಸಿಕ್ನೇನು?" ಇಲ್ಲ ಎಂದೆ. ಶುಕ್ರವಾರ ನಮಾಜಿನ ಹೊತ್ತಿಗೆ ತೀರಿಕೊಂಡರು.

ನಾನು ಹೋದಾಗ ಗಂಡಸರು ಮಣ್ಣು ಕೊಟ್ಟು ಬಂದಿದ್ದರು. ಒಳಗೆ ಹೆಂಗಸರ ನಡುವೆ ಅವರ ಮನೆಯವರ ಪಕ್ಕದಲ್ಲಿ ಕೂತೆ. ಆಕೆ ಅಳಲಿಲ್ಲ. "ಒಂಬತ್ತನೇದು ಒಂದು ಉಳೀತು ಅಂತಿದ್ರು," ಎಂದಷ್ಟೇ ಹೇಳಿದರು.

ನಲವತ್ತನೆಯ ದಿನ ಕಳೆದ ಮೇಲೆ ಕೊಂಕಲ್ಲಿಗೆ ಹೋದೆ. ಆಟೋದವನ ಮನೆ ಸಿಕ್ಕಿತು. ಆಟೋ ಮಾರಿ ವರ್ಷವಾಗಿತ್ತು; ಸೈದಾಪುರದ ಕಡೆಯವನಿಗೆ ಕೊಟ್ಟಿದ್ದೆ, ಕಡೇಚೂರಿನ ಫ್ಯಾಕ್ಟರಿಗಳಿಗೆ ಮಂದಿಯನ್ನು ಬಿಡುತ್ತಾನೆ ಎಂದ. ಮುಂದಿನ ವಾರ ಒಂದು ದಿನ ರಜೆ ಹಾಕಿ, ಬೆಳಗಿನ ರೈಲು ಹಿಡಿದು ಸೈದಾಪುರಕ್ಕೆ ಹೋದೆ.

ಸ್ಟೇಷನ್ನಿನ ಹೊರಗೆ ಆಟೋಗಳು ಸಾಲಾಗಿ ನಿಂತಿದ್ದವು. ಕೊಂಕಲ್ಲಿನವನು ಬರೆದುಕೊಟ್ಟಿದ್ದ ನಂಬರು ನೋಡುತ್ತ ಹೋದೆ. ನಾಲ್ಕನೆಯದು. ಒಳಗೆ ಏಳೆಂಟು ಮಂದಿ, ಡಬ್ಬಿಯ ಚೀಲ ಹಿಡಿದು ಇಕ್ಕಟ್ಟಿನಲ್ಲಿ ಕೂತಿದ್ದರು. ನಡೆಸುವವನು ಮೂವತ್ತರ ಆಸುಪಾಸಿನವನು, ಹೊರಡುವ ಆತುರದಲ್ಲಿದ್ದ. ಗಾಡಿಯ ಹಿಂದಿನ ಬ್ರೇಕು, ಸಿಲಿಂಡರು, ಶಹಾಪುರದ ಮಿಸ್ತ್ರಿ ಎಂದು ನಾನು ಒಂದೇ ಉಸಿರಿಗೆ ಹೇಳಿದೆ. ಹುಚ್ಚಿಯೇನೋ ಎಂಬಂತೆ ನೋಡಿದ.

"ಯಾವ ಮಿಸ್ತ್ರಿರಿ? ನಾ ಶಹಾಪುರಕ್ಕ ಹೋಗೇ ಇಲ್ಲ."

"ಮೊದ್ಲಿನಾಂವ ಮಾಡಿಸಿದ್ದು. ಮಿಸ್ತ್ರಿ ತೀರಿಕೊಂಡಾರ. ಹೇಳಿ ಬಾ ಅಂದಿದ್ರು."

ಅವನು ಕೂತಲ್ಲೇ ಬ್ರೇಕು ಒತ್ತಿದ. ಇನ್ನೊಮ್ಮೆ ಒತ್ತಿದ. ಮುಖ ಬದಲಾಯಿತು. "ಈಗೀಗ ಎರಡೆರಡು ಸಲ ಒತ್ತಬೇಕಾಗ್ಯದ," ಎಂದ ತನಗೆ ತಾನೇ. ಹಿಂದೆ ತಿರುಗಿ, "ಇಳೀರಿ ಎಲ್ಲಾರೂ" ಎಂದ. ಗೊಣಗಾಟ ಶುರುವಾಯಿತು. ಒಬ್ಬ ಹೆಣ್ಣುಮಗಳು ಹಾಜರಿ ತಪ್ಪುತ್ತದೆ ಎಂದು ನನ್ನನ್ನೇ ಬೈದಳು. ಬೇರೆ ಆಟೋ ಹುಡುಕಿಕೊಂಡು ಅವರು ಹೋದ ಮೇಲೆ ಅವನು ಕೆಳಗಿಳಿದು ನನ್ನನ್ನು ನೋಡಿದ.

"ಆ ಮಿಸ್ತ್ರಿಗೆ ನೀವು ಏನಾಗಬೇಕ್ರಿ?"

"ಏನೂ ಆಗಬೇಕಿಲ್ಲಪಾ," ಎಂದೆ.

"ಏನೂ ಆಗದವ್ರು ಕೆಲಸ ಬಿಟ್ಟು ಇಷ್ಟು ದೂರ ಬರಂಗಿಲ್ರಿ ಅಕ್ಕಾ," ಎಂದ. ಆಟೋ ಚಾಲೂ ಮಾಡಲಿಲ್ಲ. ಹ್ಯಾಂಡಲ್ ಹಿಡಿದು, ಕೈಯಿಂದಲೇ ನೂಕಿಕೊಂಡು ರಿಪೇರಿ ಅಂಗಡಿಯ ಕಡೆ ತಿರುಗಿಸಿದ. ದಾರಿ ಸ್ವಲ್ಪ ಏರು. ಬಿಸಿಲು ಆಗಲೇ ಚುರುಕಾಗಿತ್ತು. ನಾನು ಚೀಲವನ್ನು ಹೆಗಲಿಗೆ ಹಾಕಿಕೊಂಡು, ಹಿಂದಿನಿಂದ ಕೈ ಕೊಟ್ಟು ದೂಡತೊಡಗಿದೆ.